ಯಕೃತ್ತಿನ ಕಸಿಯ ನಂತರ ಮರುಕಳಿಸುವ ಪಿತ್ತನಾಳದ ಕ್ಯಾನ್ಸರ್

ಯಕೃತ್ತಿನಲ್ಲಿ ಉತ್ಪತ್ತಿಯಾಗುವ ಪಿತ್ತರಸವನ್ನು ಕರುಳಿಗೆ ಸಾಗಿಸುವ ಕೊಳವೆಯೇ ಪಿತ್ತನಾಳ. ಎಡ ಮತ್ತು ಬಲ ನಾಳಗಳು ಯಕೃತ್ತಿನಿಂದ ಹೊರಬಂದು ಕೂಡುವೆಡೆಯಲ್ಲಿ ಹುಟ್ಟುವ ಗೆಡ್ಡೆಗೆ, ಅದನ್ನು 1965ರಲ್ಲಿ ವಿವರಿಸಿದ ಅಮೆರಿಕದ ವೈದ್ಯ ಜೆರಾಲ್ಡ್ ಕ್ಲಾಟ್ಸ್‌ಕಿನ್ ಅವರ ಹೆಸರಿದೆ. ಕಾಮಾಲೆ ಕಾಣಿಸಿಕೊಳ್ಳುವ ವೇಳೆಗೆ ಅದು ಪಕ್ಕದ ರಕ್ತನಾಳಗಳನ್ನು ಆವರಿಸಿ, ಅನೇಕರಲ್ಲಿ ಶಸ್ತ್ರಚಿಕಿತ್ಸೆಗೆ ಎಟುಕದಂತಾಗಿರುತ್ತದೆ.

ಗೆಡ್ಡೆಯನ್ನು ಬಿಡಿಸಲಾಗದಿದ್ದರೆ ಯಕೃತ್ತನ್ನೇ ತೆಗೆದು ಬೇರೊಂದನ್ನು ಕಸಿ ಮಾಡಬಾರದೇಕೆ? ಈ ತರ್ಕವನ್ನು ನಂಬಿ ನಡೆದ ಆರಂಭಿಕ ಕಸಿಗಳು ನಿರಾಶೆ ತಂದವು. ಸಿನ್ಸಿನಾಟಿಯ ಕಸಿ ಅರ್ಬುದ ನೋಂದಣಿಯ 207 ರೋಗಿಗಳ ಕುರಿತು 2000ದಲ್ಲಿ ಪ್ರಕಟವಾದ ವರದಿಯ ಪ್ರಕಾರ ಶೇ. 51 ಮಂದಿಯಲ್ಲಿ ಕ್ಯಾನ್ಸರ್ ಮರಳಿತ್ತು. ಆ ಪೈಕಿ ಶೇ. 84ರಷ್ಟು ಪ್ರಕರಣಗಳು ಎರಡು ವರ್ಷಗಳೊಳಗಿನವು. ಐದು ವರ್ಷ ಬದುಕುಳಿದವರು ಶೇ. 23 ಮಾತ್ರ. ರೋಗ ಹೆಚ್ಚಾಗಿ ಮರಳಿದ್ದು ಹೊಸ ಯಕೃತ್ತಿನಲ್ಲೇ. ನಂತರದ ಸ್ಥಾನ ಶ್ವಾಸಕೋಶದ್ದು.

ಈ ಕ್ಯಾನ್ಸರ್ ನರಗಳ ಗುಂಟ ಹಾಗೂ ದುಗ್ಧಗ್ರಂಥಿಗಳತ್ತ ಸದ್ದಿಲ್ಲದೆ ಹಬ್ಬುತ್ತದೆ. ಯಕೃತ್ತು ಹೊರಬಂದರೂ ಅಳಿದುಳಿದ ಕಣಗಳು ದೇಹದಲ್ಲೇ ಇರಬಹುದು. ಕಸಿಯಾದ ಅಂಗವನ್ನು ದೇಹ ತಿರಸ್ಕರಿಸದಿರಲೆಂದು ನೀಡುವ ಔಷಧಗಳು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವುದರಿಂದ ಆ ಕಣಗಳಿಗೆ ತಡೆಯೂ ಕಡಿಮೆ.

ಅಮೆರಿಕದ ಮೇಯೊ ಕ್ಲಿನಿಕ್ 1993ರಲ್ಲಿ ಬೇರೆ ದಾರಿ ಹಿಡಿಯಿತು. ಗೆಡ್ಡೆ ಮೂರು ಸೆಂಟಿಮೀಟರ್ ಮೀರಿರಬಾರದು, ಬೇರೆಡೆಗೆ ಹರಡಿರಬಾರದು. ಮೊದಲು ವಿಕಿರಣ ಚಿಕಿತ್ಸೆ ಮತ್ತು ಕಿಮೊಥೆರಪಿ. ಬಳಿಕ ಹೊಟ್ಟೆಯೊಳಗೆ ಪರೀಕ್ಷೆ. ರೋಗ ಹರಡಿಲ್ಲವೆಂದು ಖಾತ್ರಿಯಾದರಷ್ಟೇ ಕಸಿ. ಇದೇ ಮಾದರಿ ಅನುಸರಿಸಿದ 12 ಅಮೆರಿಕನ್ ಕೇಂದ್ರಗಳ 287 ರೋಗಿಗಳ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಕಸಿಯಾದವರಲ್ಲಿ ಐದು ವರ್ಷಗಳ ರೋಗಮುಕ್ತ ಬದುಕು ಶೇ. 65. ಆದರೆ ಕಸಿಯ ಹಂತ ತಲುಪದೆ ಹೊರಗುಳಿದವರನ್ನೂ ಸೇರಿಸಿದರೆ ಐದು ವರ್ಷ ಬದುಕುಳಿದವರ ಪ್ರಮಾಣ ಶೇ. 53. ಆಸೆ ಹೊತ್ತು ಬರುವ ಕುಟುಂಬಕ್ಕೆ ಈ ಎರಡನೆಯ ಅಂಕಿಯನ್ನೂ ಹೇಳುವುದು ನ್ಯಾಯ.

ಅವಸರದ ಒಂದು ಪರೀಕ್ಷೆ ಈ ದಾರಿಯನ್ನೇ ಮುಚ್ಚಬಲ್ಲದು. ಹೊಟ್ಟೆಯ ಮೂಲಕ ಗೆಡ್ಡೆಗೆ ಸೂಜಿ ಚುಚ್ಚಿ ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಕಣಗಳು ಉದರದಲ್ಲಿ ಚೆಲ್ಲುವ ಅಪಾಯವಿರುವುದರಿಂದ, ಅಂಥವರನ್ನು ಮೇಯೊ ವಿಧಾನದಲ್ಲಿ ಕಸಿಗೆ ಪರಿಗಣಿಸುವುದಿಲ್ಲ. ಬದಲಾಗಿ ಎಂಡೊಸ್ಕೋಪ್ ಮೂಲಕ ನಾಳದ ಒಳಗಿನಿಂದಲೇ ಕಣಗಳನ್ನು ಸಂಗ್ರಹಿಸುತ್ತಾರೆ. ಕಸಿಯ ಮಾತು ಬರುವ ಸಾಧ್ಯತೆಯಿದ್ದರೆ ಬಯಾಪ್ಸಿಗೆ ಮುನ್ನವೇ ಕಸಿ ತಜ್ಞರನ್ನು ಕಾಣಬೇಕು.

ಹೊರತೆಗೆದ ಯಕೃತ್ತಿನಲ್ಲಿ ಜೀವಂತ ಗೆಡ್ಡೆ ಉಳಿದಿದ್ದರೆ ಮರುಕಳಿಕೆಯ ಸಂಭವ ಹೆಚ್ಚು. ಆದ್ದರಿಂದ ಕಸಿಯ ಬಳಿಕವೂ ಸ್ಕ್ಯಾನ್ ಹಾಗೂ ಸಿಎ 19-9 ರಕ್ತಪರೀಕ್ಷೆಗಳು ವರ್ಷಗಟ್ಟಲೆ ಮುಂದುವರಿಯುತ್ತವೆ. ಮರಳಿದ ರೋಗವನ್ನು ಕಿಮೊಥೆರಪಿ ಕೆಲಕಾಲ ಹತೋಟಿಯಲ್ಲಿ ಇಡಬಹುದು. ಪೂರ್ಣ ಗುಣವಾಗುವುದು ವಿರಳ.