ಒಂದು ಪ್ರಯೋಗಶಾಲೆಯ ಪೂರ್ವಚರಿತ್ರೆ

ಅರಸರ ದಿಗ್ವಿಜಯಗಳನ್ನು ಶಾಸನಗಳೂ ಕಾವ್ಯಗಳೂ ಉಳಿಸಿಕೊಟ್ಟಿವೆ. ವಿದ್ಯಾಸ್ಥಾನಗಳ ವೃತ್ತಾಂತವಾದರೋ ಬಹುಮಟ್ಟಿಗೆ ಗುರುಶಿಷ್ಯರೊಡನೆಯೇ ಅಳಿದುಹೋಗುವುದು. ಇದಕ್ಕೆ ಅಪವಾದವಾದ ಗ್ರಂಥವೊಂದು 1910ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗವಾದ ಕ್ಯಾವೆಂಡಿಷ್ ಪ್ರಯೋಗಶಾಲೆಯ ಮೊದಲ ನಾಲ್ಕು ದಶಕಗಳ ಚರಿತ್ರೆಯೇ ಅದು. ಜೆ. ಜೆ. ಥಾಮ್ಸನ್ ಆಚಾರ್ಯಪೀಠವನ್ನೇರಿ 25 ವರ್ಷಗಳು ತುಂಬಿದುದೇ ಅದರ ರಚನೆಗೆ ನಿಮಿತ್ತವು.

ಆ ಶಾಲೆಯ ಜನನವು ಸುಲಭವಾಗಿ ಆದುದಲ್ಲ. ಪ್ರಯೋಗಮುಖವಾದ ಬೋಧನೆಗೆ ಒಬ್ಬ ಆಚಾರ್ಯನೂ ಒಂದು ಕಟ್ಟಡವೂ ಅವಶ್ಯಕವೆಂದು 1869ರಲ್ಲಿ ಸಮಿತಿಯೊಂದು ವರದಿಮಾಡಿತು. ಅಂದಾಜು ವೆಚ್ಚವು 6,300 ಪೌಂಡು. ಶ್ರೀಮಂತವಾದ ಕಾಲೇಜುಗಳು ಕೈಬಿಚ್ಚಲು ಹಿಂಜರಿದುವು. 1870ರಲ್ಲಿ ಕುಲಪತಿಯಾಗಿದ್ದ ಡೆವನ್‌ಷೈರಿನ 7ನೆಯ ಡ್ಯೂಕ್ ವಿಲಿಯಂ ಕ್ಯಾವೆಂಡಿಷ್ ಆ ಭಾರವನ್ನು ತಾನೇ ವಹಿಸಿದನು. 1871ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಪ್ರಥಮಾಚಾರ್ಯನಾಗಿ ಬಂದನು. ಆದರೆ ಶಾಲೆಯು 1874ರಲ್ಲಿ ಸಿದ್ಧವಾಗುವವರೆಗೆ ಅವನು ಅನ್ಯಶಾಸ್ತ್ರಗಳವರ ಕೊಠಡಿಗಳಲ್ಲಿ ಪಾಠ ಹೇಳಬೇಕಾಯಿತು.

ಹಣದ ಕೊರತೆಗಿಂತ ದೊಡ್ಡದಾದುದು ಮನಸ್ಸಿನ ತಡೆ. ಗಣಿತವಿದ್ವಾಂಸನಾದ ಟಾಡ್‌ಹಂಟರನು 1873ರಲ್ಲಿ, ಗುರುವು ಹೇಳಿದ ಸಂಗತಿಯನ್ನು ಪ್ರಯೋಗದಿಂದ ಕಂಡಲ್ಲದೆ ನಂಬೆನೆಂಬ ವಿದ್ಯಾರ್ಥಿಯ ಸಂಶಯವು ಯುಕ್ತಿಹೀನವೆಂಬ ಅಭಿಪ್ರಾಯದಿಂದ ಬರೆದನು. ಇದು ನಮ್ಮ ತಾರ್ಕಿಕರಿಗೆ ಅಪರಿಚಿತವಾದ ವಾದವಲ್ಲ. ಆಪ್ತವಾಕ್ಯಕ್ಕೂ ಪ್ರತ್ಯಕ್ಷಕ್ಕೂ ಇರುವ ಸಂಬಂಧದ ಪ್ರಶ್ನೆಯೇ ಇದು. ಮ್ಯಾಕ್ಸ್‌ವೆಲ್ಲನ ಶಾಲೆಯು ಅದಕ್ಕೆ ಕೃತಿಯಿಂದ ಉತ್ತರಕೊಟ್ಟಿತು: ಸಂಶಯಪಡುವುದಕ್ಕಾಗಿ ಮಾತ್ರವಲ್ಲ, ಅಳೆಯುವುದನ್ನು ಕಲಿಯುವುದಕ್ಕಾಗಿಯೂ ಶಿಷ್ಯನ ಕೈಗೆ ಉಪಕರಣವು ಬರಬೇಕು.

1879ರಲ್ಲಿ ಮ್ಯಾಕ್ಸ್‌ವೆಲ್ಲನು 48ನೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ಅನಂತರ ಬಂದ ರ‍್ಯಾಲೆ ಪ್ರಭುವು ಉಪಕರಣನಿಧಿಯನ್ನು ಕೂಡಿಸಿ, ವಿದ್ಯುತ್ಪ್ರತಿರೋಧದ ಮಾನವಾದ ಓಮ್ ಅನ್ನು ಹೊಸದಾಗಿ ನಿರ್ಣಯಿಸಿದನು. 1882ರಲ್ಲಿ ಸ್ತ್ರೀಯರಿಗೂ ಪುರುಷರಂತೆಯೇ ಪ್ರವೇಶವನ್ನಿತ್ತನು. 1884ರಲ್ಲಿ ಥಾಮ್ಸನ್ನನು ಪೀಠಕ್ಕೆ ಬಂದಾಗ ಅವನಿಗೆ 28 ವರ್ಷ. 1895ರಲ್ಲಿ ಇತರ ವಿಶ್ವವಿದ್ಯಾನಿಲಯಗಳ ಪದವೀಧರರಿಗೆ ಬಾಗಿಲು ತೆರೆಯಲು, ನ್ಯೂಜಿಲೆಂಡಿನಿಂದ ರುದರ್‌ಫರ್ಡ್ ಬಂದನು. ಇನ್ನೆರಡು ವರ್ಷಗಳಲ್ಲಿ ಥಾಮ್ಸನ್ನನು ಪರಮಾಣುವಿಗಿಂತ ಅತಿಸೂಕ್ಷ್ಮವಾದ ಎಲೆಕ್ಟ್ರಾನ್ ಕಣವನ್ನು ಕಂಡುಹಿಡಿದನು.

ಇಂತಹ ಕೀರ್ತಿಯ ನಡುವೆ ಹುಟ್ಟಿದ ಗ್ರಂಥವು ಗುರುಪ್ರಶಸ್ತಿಯಾಗುವ ಅಪಾಯವಿದ್ದಿತು. ಅದು ಬಹುಮಟ್ಟಿಗೆ ತಪ್ಪಿದುದು ರಚನಾಕ್ರಮದಿಂದ. ಒಂಬತ್ತು ಮಂದಿ ಒಂದೊಂದು ಅಧ್ಯಾಯವನ್ನು ಬರೆದರು: ಮ್ಯಾಕ್ಸ್‌ವೆಲ್ಲನ ಕಾಲವನ್ನು ಷುಸ್ಟರನೂ, ರ‍್ಯಾಲೆಯ ಕಾಲವನ್ನು ಗ್ಲೇಜ್‌ಬ್ರೂಕನೂ, 1895ರಿಂದ 1898ರವರೆಗಿನದನ್ನು ರುದರ್‌ಫರ್ಡನೂ ವಹಿಸಿಕೊಂಡರು. ಹೀಗೆ ತಾವು ದುಡಿದ ಕಾಲಕ್ಕೆ ತಾವೇ ಸಾಕ್ಷಿಗಳಾದರು. ಕೊನೆಯಲ್ಲಿ ಅಲ್ಲಿಂದ ಹೊರಟ ಲೇಖನಗಳ ಪಟ್ಟಿಯೂ ಸಂಶೋಧಕರ ಪಟ್ಟಿಯೂ ಇವೆ. ಪೀಠಸ್ಥರಾದ ಮೂವರ ಹೆಸರನ್ನು ಲೋಕವು ಹೇಗೂ ನೆನೆಯುತ್ತಿದ್ದಿತು; ಉಳಿದವರ ಹೆಸರುಗಳನ್ನು ಉಳಿಸಿದುದು ಆ ಪಟ್ಟಿಯೇ.

ಹತ್ತಿರದ ಸಾಕ್ಷಿಗೆ ಮುಂದಿನದು ಕಾಣದು. ಪುಸ್ತಕವು ಹೊರಟ ಮರುವರ್ಷ, 1911ರಲ್ಲಿ, ರುದರ್‌ಫರ್ಡನು ಮ್ಯಾಂಚೆಸ್ಟರಿನಲ್ಲಿ ಪರಮಾಣುಗರ್ಭದ ಸಿದ್ಧಾಂತವನ್ನು ಸಾರಿದನು. 1919ರಲ್ಲಿ ಅದೇ ಕ್ಯಾವೆಂಡಿಷ್ ಪೀಠವನ್ನೇರಿದನು. 1974ರ ಹೊತ್ತಿಗೆ ಪ್ರಯೋಗಶಾಲೆಯೇ ಊರಿನ ಪಶ್ಚಿಮದ ಹೊಸ ಕಟ್ಟಡಗಳಿಗೆ ಸಾಗಿತು. ಆದರೂ ಆ ಗ್ರಂಥದ ಬೆಲೆಯು ಕುಂದಿಲ್ಲ. ಶಿಷ್ಯರು ತಮ್ಮ ವಿದ್ಯಾಸ್ಥಾನದ ವೃತ್ತಾಂತವನ್ನು, ಕಂಡವರು ಬದುಕಿರುವಾಗಲೇ ಬರೆದಿಡುವುದೂ ಗುರುಋಣದ ಒಂದು ಭಾಗವೆಂಬುದನ್ನು ಅದು ತೋರಿಸುತ್ತದೆ.