ಪದೇ ಪದೇ ಅಪ್‌ಡೇಟ್ ಕೇಳುವ ಆ್ಯಪ್ ಅರೆಬರೆ ತಯಾರಾದದ್ದೇ? ನಿಜಾಂಶ ಏನು?

"ಮೊಬೈಲ್ ಆ್ಯಪ್ ಸರಿಯಾಗಿ ಮಾಡಿದ್ದರೆ ಒಂದೇ ಸಲಕ್ಕೆ ಮುಗಿಯಬೇಕಿತ್ತು. ಪದೇ ಪದೇ ಅಪ್‌ಡೇಟ್ ಬರುತ್ತಿದೆ ಎಂದರೆ ಅದರಲ್ಲಿ ಏನೋ ಐಬಿದೆ." ಇಂಥ ಮಾತನ್ನು ನೀವೂ ಕೇಳಿರಬಹುದು. ಇದನ್ನು ನಂಬಿ ಅಪ್‌ಡೇಟ್ ನಿಲ್ಲಿಸುವವರೂ ಇದ್ದಾರೆ. ಆದರೆ ಇದು ತಪ್ಪು ತಿಳಿವಳಿಕೆ.

ಅಣೆಕಟ್ಟೆ ಮತ್ತು ಕೋಟೆ

ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರದ ಕೆಲಸ 1907ರಲ್ಲಿ ಮುಗಿಯಿತು. ಅಣೆಕಟ್ಟೆಯ ಅಡಿಪಾಯ, ಎತ್ತರ ಎಲ್ಲವನ್ನೂ ಮೊದಲೇ ಲೆಕ್ಕ ಹಾಕಬೇಕು. ಕಟ್ಟಿದ ಮೇಲೆ ಜಾಗ ಬದಲಿಸಲಾಗದು. ಚಿತ್ರದುರ್ಗದ ಏಳುಸುತ್ತಿನ ಕೋಟೆ ಹಾಗಲ್ಲ. ಅದು ಪಾಳೆಯಗಾರರ ಕಾಲದಲ್ಲಿ ಹಲವು ತಲೆಮಾರುಗಳಲ್ಲಿ ಹಂತಹಂತವಾಗಿ ಬೆಳೆಯಿತು. ಸಾಫ್ಟ್‌ವೇರ್ ಕೋಟೆಯ ಜಾತಿಗೆ ಸೇರಿದ್ದು. ಜನರಿಗೆ ಏನು ಬೇಕು, ಎಲ್ಲಿ ಎಡವುತ್ತಾರೆ ಎಂಬುದು ಬಳಸಿದ ಮೇಲೆಯೇ ಗೊತ್ತಾಗುತ್ತದೆ. ಹಾಗಾಗಿ ಮೊದಲು ಒಂದು ಸಣ್ಣ ಕೆಲಸವನ್ನು ಸರಿಯಾಗಿ ಮಾಡಿಸಿ, ಆಮೇಲೆ ಒಂದೊಂದಾಗಿ ಸೇರಿಸುತ್ತಾರೆ.

ನಿಮ್ಮ ಪಹಣಿಯೇ ಉದಾಹರಣೆ

ಹೊಸದುರ್ಗ, ಹೊಳಲ್ಕೆರೆಯ ರೈತರು ಇಂದು ಪಡೆಯುವ ಕಂಪ್ಯೂಟರ್ ಪಹಣಿಯ ಹಿಂದಿರುವುದು ಕರ್ನಾಟಕ ಸರ್ಕಾರದ 'ಭೂಮಿ' ಯೋಜನೆ. ಇದನ್ನು ಇಡೀ ರಾಜ್ಯದಲ್ಲಿ ಒಮ್ಮೆಗೇ ಶುರು ಮಾಡಲಿಲ್ಲ. ಮೊದಲು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಪ್ರಯೋಗ ನಡೆಯಿತು. ನಂತರ ಇನ್ನಷ್ಟು ತಾಲ್ಲೂಕುಗಳಿಗೆ ಹೋಯಿತು. 2002ರ ಹೊತ್ತಿಗೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿನಲ್ಲಿದ್ದವು. ಮೊದಲಿಗೆ ಪಹಣಿ ಮುದ್ರಣ, ಖಾತೆ ಬದಲಾವಣೆಯಂಥ ಮೂಲ ಕೆಲಸಗಳಷ್ಟೇ ಇದ್ದವು. ನೋಂದಣಿ ಕಚೇರಿಯ 'ಕಾವೇರಿ', ಭೂಮಾಪನದ 'ಮೋಜಿಣಿ' ಜೊತೆಗಿನ ಜೋಡಣೆ ಮತ್ತು ಆನ್‌ಲೈನ್ ಪಹಣಿ ಆಮೇಲೆ ಸೇರಿದವು.

ಇದರ ಲಾಭ ಸರಳ. ಒಂದು ತಾಲ್ಲೂಕಿನಲ್ಲಿ ತಪ್ಪು ಕಂಡರೆ ತೊಂದರೆ ಅಷ್ಟಕ್ಕೇ ನಿಲ್ಲುತ್ತದೆ. ಎಲ್ಲ ಕಡೆ ಒಟ್ಟಿಗೆ ಶುರು ಮಾಡಿ ಎಡವಿದರೆ ಇಡೀ ರಾಜ್ಯದ ರೈತರ ದಾಖಲೆ ಗೋಜಲಾಗುತ್ತದೆ.

ವಾಟ್ಸಾಪ್ ಕೂಡ ಹೀಗೆಯೇ ಬೆಳೆದದ್ದು

2009ರಲ್ಲಿ ಶುರುವಾದಾಗ ವಾಟ್ಸಾಪ್‌ನಲ್ಲಿ ಸಂದೇಶ ಕಳಿಸುವಂತೆಯೇ ಇರಲಿಲ್ಲ! 'ಬಿಡುವಿಲ್ಲ', 'ಕೆಲಸದಲ್ಲಿದ್ದೇನೆ' ಎಂದು ಸ್ಟೇಟಸ್ ಹಾಕುವುದಷ್ಟೇ ಅದರ ಕೆಲಸವಾಗಿತ್ತು. ಸಂದೇಶ ಬಂದದ್ದು ಆಮೇಲೆ. 2013ರಲ್ಲಿ ಧ್ವನಿ ಸಂದೇಶ, 2015ರಲ್ಲಿ ಕರೆ, 2016ರಲ್ಲಿ ವಿಡಿಯೊ ಕರೆ ಸೇರಿದವು. ವದಂತಿಗಳಿಂದ ಜೀವಹಾನಿಯಾದ ಮೇಲೆ 2018ರಲ್ಲಿ ಭಾರತದಲ್ಲಿ ಒಮ್ಮೆಗೆ 5 ಚಾಟ್‌ಗಳಿಗಷ್ಟೇ ಫಾರ್ವರ್ಡ್ ಮಾಡುವ ಮಿತಿ ಬಂತು. ಹೀಗೆ ಆಗುತ್ತದೆಂದು 2009ರಲ್ಲಿ ಯಾರು ಊಹಿಸಿದ್ದರು?

ಗೆಳೆಯರ ಫೋನಿನಲ್ಲಿರುವ ಹೊಸ ಬಟನ್ ನಿಮ್ಮದರಲ್ಲಿ ಇಲ್ಲವೇ? ಫೋನ್ ಕೆಟ್ಟಿಲ್ಲ. ಹೊಸತನ್ನು ಮೊದಲು ಸ್ವಲ್ಪ ಜನರಿಗೆ ಕೊಟ್ಟು, ಸರಿಯಿದ್ದರೆ ಉಳಿದವರಿಗೆ ಕೊಡುವುದು ವಾಡಿಕೆ.

ಹಾಗಾದರೆ ಎಲ್ಲ ಅಪ್‌ಡೇಟ್ ಒಳ್ಳೆಯದೇ?

ಇಲ್ಲ. ಕೆಲವೊಮ್ಮೆ ಹೊಸ ಅಪ್‌ಡೇಟ್‌ನಲ್ಲೇ ದೋಷವಿರುತ್ತದೆ, ಸಾಮಾನ್ಯವಾಗಿ ಮುಂದಿನದರಲ್ಲಿ ಸರಿಪಡಿಸುತ್ತಾರೆ. ಆದರೆ ಅಪ್‌ಡೇಟ್ ಮಾಡದೇ ಬಿಡುವುದು ಹೆಚ್ಚು ಅಪಾಯ. ಕಳ್ಳರಿಗೆ ಗೊತ್ತಾಗಿರುವ ಹಳೆಯ ಕಿಂಡಿಗಳು ತೆರೆದೇ ಉಳಿಯುತ್ತವೆ. ಬ್ಯಾಂಕ್, ಯುಪಿಐ ಆ್ಯಪ್ ಇರುವ ಫೋನಿನಲ್ಲಿ ಇದು ಹಣದ ಪ್ರಶ್ನೆ.

ನಕಲಿ ಅಪ್‌ಡೇಟ್ ಬಗ್ಗೆ ಎಚ್ಚರ. 2023ರಲ್ಲಿ 'ಪಿಂಕ್ ವಾಟ್ಸಾಪ್' ಹೆಸರಿನ ಲಿಂಕ್ ಹರಿದಾಡಿದಾಗ ಮುಂಬೈ ಪೊಲೀಸರು ಎಚ್ಚರಿಕೆ ನೀಡಿದ್ದರು. ಅದು ಫೋನಿನ ಮಾಹಿತಿ ಕದಿಯುವ ಮೋಸವಾಗಿತ್ತು.

ನೆನಪಿಡಿ: ಅಪ್‌ಡೇಟ್ ಅನ್ನು ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್‌ನಿಂದ ಮಾತ್ರ ಮಾಡಿ. ಯಾರೋ ಕಳಿಸಿದ ಲಿಂಕ್‌ನಿಂದಲ್ಲ, ಕಳಿಸಿದವರು ನಿಮ್ಮ ಮನೆಯವರೇ ಆಗಿದ್ದರೂ!