ನೀರಿನಡಿಯ ಮೊದಲ ಪಾಠ

ಈಜು ಬಲ್ಲವನೆಂಬ ಹೆಮ್ಮೆ ನನಗೆ ಬಹುಕಾಲದಿಂದ ಇತ್ತು. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಈಜುಕೊಳದ ತಳದಲ್ಲಿ ಮೊಣಕಾಲೂರಿದ ದಿನ ಆ ಹೆಮ್ಮೆ ಕರಗಿತು. ಮುಖಕವಚದೊಳಕ್ಕೆ ನಾಲ್ಕು ಚಮಚ ನೀರು ನುಗ್ಗಿತು, ಅಷ್ಟೆ. ಬಾಯಲ್ಲಿ ಗಾಳಿಯ ಕೊಳವೆ ಭದ್ರವಾಗಿಯೇ ಇತ್ತು. ಆದರೂ ಉಸಿರು ಕಟ್ಟಿತೆಂದು ಭ್ರಮಿಸಿ ದಡಕ್ಕನೆ ಎದ್ದು ನಿಂತೆ. ಶಿಕ್ಷಕರು ನಗಲಿಲ್ಲ. "ಇಲ್ಲಿ ನಿಲ್ಲಲು ನೆಲವುಂಟು, ಸಮುದ್ರದಲ್ಲಿ ಇಲ್ಲ" ಎಂದಷ್ಟೇ ಹೇಳಿದರು. ಆ ಮಾತಿನ ಹಿಂದೆ ಎಷ್ಟು ಚರಿತ್ರೆ ಇದೆಯೆಂಬುದು ಆಮೇಲೆ ಓದುತ್ತ ಹೋದಂತೆ ತಿಳಿಯಿತು.

1942ರ ಕೊನೆಯಲ್ಲಿ, ಜರ್ಮನರ ವಶದಲ್ಲಿದ್ದ ಪ್ಯಾರಿಸಿನಲ್ಲಿ, ಫ್ರೆಂಚ್ ನೌಕಾಧಿಕಾರಿ ಝಾಕ್ ಕುಸ್ತೋ ಎಮಿಲ್ ಗಾನ್ಯಾನ್ ಎಂಬ ಎಂಜಿನಿಯರನನ್ನು ಕಂಡನು. ಪೆಟ್ರೋಲು ದೊರೆಯದ ಆ ಯುದ್ಧಕಾಲದಲ್ಲಿ ಮೋಟಾರುಗಳನ್ನು ಅನಿಲದಿಂದ ಓಡಿಸುವುದಕ್ಕಾಗಿ ಗಾನ್ಯಾನ್ ಒಂದು ಕವಾಟವನ್ನು ರಚಿಸಿದ್ದನು. ಬೇಕಾದಷ್ಟನ್ನೇ ಬಿಡುವ ಆ ಕವಾಟವೇ ಹೊಸ ಉಸಿರಿನ ಯಂತ್ರಕ್ಕೆ ಮೂಲವಾಯಿತು. ಮರುವರ್ಷ ಮಾರ್ನ್ ನದಿಯ ತಣ್ಣೀರಿನಲ್ಲಿ ಪರೀಕ್ಷೆ ನಡೆಯಿತು. ಅಡ್ಡವಾಗಿ ಈಜಿದರೆ ಉಸಿರು ಸರಾಗ. ನೆಟ್ಟಗೆ ನಿಂತರೆ ಗಾಳಿ ಭೋರೆಂದು ಸುರಿದು ವ್ಯರ್ಥ. ತಲೆಕೆಳಗಾದರೆ ಎಳೆದರೂ ಬಾರದು. ಕುಸ್ತೋ ಒಂದೊಂದು ಭಂಗಿಯಲ್ಲಿ ಏನಾಗುತ್ತದೆಂಬುದನ್ನು ಗುರುತಿಸಿಕೊಂಡನು. ಉಸಿರು ಬಿಡುವ ರಂಧ್ರವೂ ಗಾಳಿ ಕೊಡುವ ಕವಾಟವೂ ಬೇರೆಬೇರೆ ಮಟ್ಟದಲ್ಲಿದ್ದುದರಿಂದ ನೀರಿನ ಒತ್ತಡ ಎರಡಕ್ಕೂ ಸಮವಾಗಿರಲಿಲ್ಲ. ಎರಡನ್ನೂ ಹತ್ತಿರ ಕೂಡಿಸಿದಾಗ ದೋಷ ನೀಗಿತು. ಅಂದು ಗಾಬರಿಗೆ ಎಡೆಗೊಟ್ಟಿದ್ದರೆ ಯಂತ್ರ ಕೆಟ್ಟಿತೆಂಬುದು ಮಾತ್ರ ತಿಳಿಯುತ್ತಿತ್ತು. ಹೇಗೆ ಕೆಟ್ಟಿತೆಂಬುದು ತಿಳಿಯುತ್ತಿರಲಿಲ್ಲ.

ಆದರೆ ಸಮಾಧಾನ ಒಂದೇ ಸಾಲದು. 1946ರಲ್ಲಿ ಇದೇ ಕುಸ್ತೋ, ಗೆಳೆಯ ಫ್ರೆಡೆರಿಕ್ ದ್ಯುಮಾನೊಡನೆ, ವೋಕ್ಲೂಸಿನ ಬುಗ್ಗೆಯ ಆಳಕ್ಕೆ ಇಳಿದನು. ಕೆಳಗೆ ಇಬ್ಬರಿಗೂ ಮಂಕು ಕವಿಯಿತು. ಅವರು ಹಗ್ಗ ಜಗ್ಗಿ ಮಾಡಿದ ಸಂಜ್ಞೆ ಮೇಲಿದ್ದವರಿಗೆ ಸರಿಯಾಗಿ ಅರ್ಥವಾಗಲಿಲ್ಲ. ಸಾವಿನ ಬಾಯಿಂದ ಹೇಗೋ ಪಾರಾಗಿ ಬಂದರು. ಸಿಲಿಂಡರುಗಳನ್ನು ಪರೀಕ್ಷಿಸಿದಾಗ ಸತ್ಯ ಹೊರಬಿತ್ತು: ಗಾಳಿ ತುಂಬುವ ಯಂತ್ರ ತನ್ನದೇ ಹೊಗೆಯನ್ನು ಒಳಗೆಳೆದುಕೊಂಡು, ಇಂಗಾಲದ ಮಾನಾಕ್ಸೈಡನ್ನು ಸೇರಿಸಿಬಿಟ್ಟಿತ್ತು. ಎಂಥ ಧೀರನಿಗೂ ವಿಷಗಾಳಿಯಲ್ಲಿ ಬುದ್ಧಿ ನಿಲ್ಲದು. ಎಂದಮೇಲೆ ನೀರಿನಡಿಯ ಶಾಂತಿ ದಡದ ಮೇಲಿನ ತಪಾಸಣೆಯಿಂದಲೇ ಆರಂಭವಾಗಬೇಕು.

ಈ ಅನುಭವಗಳನ್ನು ಪಾಠವಾಗಿಸಿದವರು ಬೇರೆ. 1950ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯದ ಸ್ಕ್ರಿಪ್ಸ್ ಸಾಗರ ಸಂಶೋಧನ ಸಂಸ್ಥೆಯಲ್ಲಿ ಕಾನ್ರಾಡ್ ಲಿಂಬಾ ವಿಜ್ಞಾನಿಗಳಿಗೆ ಕ್ರಮವಾದ ಶಿಕ್ಷಣ ಕೊಟ್ಟನು. ಅಲ್ಲಿ ಕಲಿತ ಆಲ್ ಟಿಲ್‌ಮನ್, ಬೆವ್ ಮಾರ್ಗನ್ ಮೊದಲಾದವರು ಲಾಸ್ ಏಂಜಲೀಸ್ ಕೌಂಟಿಯಲ್ಲಿ ಅದನ್ನು ಜನಸಾಮಾನ್ಯರಿಗೆ ತಲುಪಿಸಿದರು. ಮುಖಕವಚಕ್ಕೆ ಬೇಕೆಂದೇ ನೀರು ಬಿಟ್ಟು ಮೂಗಿನಿಂದ ಊದಿ ಹೊರಹಾಕುವುದು, ಬಾಯಿಂದ ಕಳಚಿದ ಕೊಳವೆಯನ್ನು ಹುಡುಕಿ ಮತ್ತೆ ಕಚ್ಚುವುದು: ಇಂಥ ಕಂಟಕಗಳನ್ನು ಎದೆಮಟ್ಟದ ನೀರಿನಲ್ಲಿ ಅಭ್ಯಾಸವಾಗುವವರೆಗೆ ಮಾಡಿಸುವುದೇ ಈ ವಿದ್ಯೆಯ ಗುಟ್ಟು. ಅದಕ್ಕೆ ಭೌತಶಾಸ್ತ್ರದ ಕಾರಣವೂ ಉಂಟು. 10 ಮೀಟರು ಆಳದಲ್ಲಿ ಒತ್ತಡ ಮೇಲಿನದರ ಇಮ್ಮಡಿ. ಅಲ್ಲಿ ಎಳೆದ ಉಸಿರನ್ನು ಗಾಬರಿಯಿಂದ ಬಿಗಿಹಿಡಿದು ಮೇಲಕ್ಕೆ ಚಿಮ್ಮಿದರೆ, ಹಿಗ್ಗುವ ಗಾಳಿ ಶ್ವಾಸಕೋಶವನ್ನೇ ಹರಿಯಬಲ್ಲದು. ಕೆಟ್ಟ ಉಪಕರಣಕ್ಕಿಂತ ಕಟ್ಟಿದ ಉಸಿರು ಅಪಾಯಕರ.

ಇಷ್ಟು ಕಲಿಸಿದ ಲಿಂಬಾ ಕೂಡ 1960ರಲ್ಲಿ ಫ್ರಾನ್ಸಿನ ಕರಾವಳಿಯ ಒಂದು ನೀರುಗುಹೆಯಲ್ಲಿ ಮಡಿದನು. ಗುರುವಿಗೂ ಸಮುದ್ರ ರಿಯಾಯಿತಿ ತೋರದು.

ನನ್ನ ಮಾತಿಗೆ ಬಂದರೆ, ಮೂರನೆಯ ದಿನ ಮುಖಕವಚ ತುಂಬಿದಾಗ ನಾನು ಏಳಲಿಲ್ಲ. ಒಮ್ಮೆ ನಿಧಾನವಾಗಿ ಉಸಿರೆಳೆದೆ, ಗಾಳಿ ಬಂತು. ಆಮೇಲೆ ಊದಿದೆ, ನೀರು ಹೋಯಿತು. ಹೆದರಿಕೆ ಮಾತ್ರ ಹೋಗಲಿಲ್ಲ. ಅದು ಇರಲಿ ಎಂದೇ ಈಗ ಅನ್ನಿಸುತ್ತದೆ. ನೀರಿಗಿಳಿಯುವ ಮೊದಲು ಕವಾಟವನ್ನು ಎರಡು ಸಲ ನೋಡುವಂತೆ ಮಾಡುವುದು ಅದೇ ಅಲ್ಲವೆ?